ಮಳೆಗಾಲದ ನೆಟ್‌ವರ್ಕಿಗೆ ಯಾವುದು ತಾಳುತ್ತದೆ: ಬರೀ ಎಸ್‌ಎಸ್‌ಎಚ್, ಸ್ಕ್ರೀನ್, ಟಿಮಕ್ಸ್, ಮಾಶ್

ಶಿರಸಿ, ಯಲ್ಲಾಪುರ, ಜೋಯಿಡಾ ಕಡೆ ಮನೆಯಿಂದ ಸರ್ವರ್ ನೋಡಿಕೊಳ್ಳುವವರು ಜೂನ್ ಬಂತೆಂದರೆ ಮೊದಲು ಸರಿಪಡಿಸಿಕೊಳ್ಳಬೇಕಾದದ್ದು ಸೆಷನ್, ಅಂದರೆ ಸರ್ವರ್ ಮೇಲೆ ತೆರೆದಿಟ್ಟ ಕೆಲಸ, ಉಳಿಸುವ ವ್ಯವಸ್ಥೆ. ಪ್ರಾಂಪ್ಟಿನ ಬಣ್ಣ, ಅಲಿಯಾಸ್‌ಗಳೆಲ್ಲ ಆಮೇಲೆ. ಸಂಪರ್ಕ ಕಡಿಯುವುದರಲ್ಲಿ ಮೂರು ಬಗೆ ಇದೆ. ಲೈನ್ ಒಂದೆರಡು ನಿಮಿಷ ಹೋಗಿ ಅದೇ ಐಪಿ ವಿಳಾಸದಲ್ಲಿ ವಾಪಸ್ ಬರುವುದು ಒಂದು. ಫೈಬರ್ ಮೇಲೆ ಮರ ಬಿದ್ದು ಫೋನಿನ ಹಾಟ್‌ಸ್ಪಾಟಿಗೆ ಹೋದಾಗ ವಿಳಾಸವೇ ಬದಲಾಗುವುದು ಇನ್ನೊಂದು. ಕರೆಂಟಿಲ್ಲದೆ ಬ್ಯಾಟರಿ ಮುಗಿದು ಲ್ಯಾಪ್‌ಟಾಪೇ ಆಫ್ ಆಗುವುದು ಮೂರನೆಯದು. ದೂರದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್, ಅದೇ ಕೆಲಸಕ್ಕೆ ಕಡಿಯುವ ನೆಟ್ಟನ್ನೂ ತಾಳುವ ಮಾಶ್, ಸರ್ವರ್‌ನಲ್ಲೇ ಸೆಷನ್ ಜೀವಂತ ಇಡುವ ಸ್ಕ್ರೀನ್ ಮತ್ತು ಟಿಮಕ್ಸ್: ಈ ನಾಲ್ಕರಲ್ಲಿ ಯಾವುದೂ ಒಂಟಿಯಾಗಿ ಮೂರನ್ನೂ ಸರಿಯಾಗಿ ನಿಭಾಯಿಸುವುದಿಲ್ಲ.

ಹೋಲಿಸಿದ್ದು ಮುಂಬೈ ಡೇಟಾ ಸೆಂಟರಿನ ಒಂದು ಡೆಬಿಯನ್ 12 ಲಿನಕ್ಸ್ ಸರ್ವರ್ ಮೇಲೆ: ಶಿರಸಿಯ ಫೈಬರ್, ಫೋನಿನ ಹಾಟ್‌ಸ್ಪಾಟ್, ದೇವಿಮನೆ ಘಟ್ಟ ಇಳಿಯುವ ಕುಮಟಾ ಬಸ್ಸು, ಸುರಂಗಗಳ ನಡುವೆ ಸಿಗ್ನಲ್ ಬಂದು ಹೋಗುವ ಕಾರವಾರದ ಕೊಂಕಣ ರೈಲು.

ಬರೀ ಎಸ್‌ಎಸ್‌ಎಚ್ ವಿಷಯದಲ್ಲಿ ಎಲ್ಲರಿಗೂ ಸಿಗುವ ಸಲಹೆ ‘ಸರ್ವರ್ ಅಲೈವ್ ಇಂಟರ್ವಲ್ 15 ಇಡಿ’ ಎಂಬುದು, ಅಂದರೆ ಸುಮ್ಮನಿದ್ದರೆ 15 ಸೆಕೆಂಡಿಗೊಮ್ಮೆ ಸರ್ವರನ್ನು ವಿಚಾರಿಸುವ ಸೆಟ್ಟಿಂಗ್. ನಮ್ಮ ಕಡೆಗೆ ಇದು ಅರ್ಧ ಸರಿ, ಅರ್ಧ ಅಪಾಯ. ಪದೇ ಪದೇ ಸಣ್ಣ ಪ್ಯಾಕೆಟ್ ಹೋಗುತ್ತಿದ್ದರೆ ಮೊಬೈಲ್ ಕಂಪನಿಯ ನ್ಯಾಟ್ (ಹಲವರಿಗೆ ಒಂದೇ ಐಪಿ ವಿಳಾಸ ಹಂಚುವ ವ್ಯವಸ್ಥೆ) ಸುಮ್ಮನಿರುವ ಸಂಪರ್ಕವನ್ನು ಮರೆತುಬಿಡುವುದಿಲ್ಲ, ಅಷ್ಟು ಸರಿ. ಆದರೆ ಜೊತೆಗಿರುವ ‘ಕೌಂಟ್ ಮ್ಯಾಕ್ಸ್’ ಮೊದಲಿನಿಂದಲೇ 3 ಇರುತ್ತದೆ. ಉತ್ತರ ಬಾರದ ಪ್ಯಾಕೆಟ್ ಮೂರಾದರೆ, ಅಂದರೆ 45 ಸೆಕೆಂಡಿಗೆ, ಎಸ್‌ಎಸ್‌ಎಚ್ ತಾನಾಗಿಯೇ ಬಾಗಿಲು ಮುಚ್ಚುತ್ತದೆ. ಘಟ್ಟದ ತಿರುವಿನಲ್ಲಿ ಎರಡು ನಿಮಿಷ ಸಿಗ್ನಲ್ ಹೋದರೆ, ತಾಳಿಕೊಂಡಿರಬಹುದಾಗಿದ್ದ ಸಂಪರ್ಕವನ್ನು ನಾವೇ ಕೊಂದಂತಾಯಿತು. ಇಂಟರ್ವಲ್ 30, ಕೌಂಟ್ ಮ್ಯಾಕ್ಸ್ 20 ಇಟ್ಟರೆ ಹತ್ತು ನಿಮಿಷ ಕಾಯುತ್ತದೆ. ಸರ್ವರ್ ಕಡೆ ‘ಕ್ಲೈಂಟ್ ಅಲೈವ್ ಇಂಟರ್ವಲ್’ ಹಾಕಿದ್ದರೆ ಅದನ್ನೂ ಹೀಗೇ ಸಡಿಲಿಸಬೇಕು. ಎರಡರಲ್ಲಿ ಬೇಗ ಮುಗಿಯುವುದೇ ಗೆಲ್ಲುತ್ತದೆ. ಪರದೆ ಕಲ್ಲಿನಂತೆ ನಿಂತುಬಿಟ್ಟರೆ ಟರ್ಮಿನಲ್ ಮುಚ್ಚುವುದು ಬೇಡ: ಎಂಟರ್, ಆಮೇಲೆ ಟಿಲ್ಡೆ, ಆಮೇಲೆ ಚುಕ್ಕಿ ಒತ್ತಿದರೆ ಸಾಕು, ಹೊರಗೆ ಬರುತ್ತೀರಿ. ವಿಳಾಸ ಬದಲಾದರೆ ಮಾತ್ರ ಎಸ್‌ಎಸ್‌ಎಚ್ ನಂಬಿರುವ ಟಿಸಿಪಿ ಸಂಪರ್ಕಕ್ಕೆ ಯಾವ ಸೆಟ್ಟಿಂಗೂ ಜೀವ ಕೊಡದು. ಆ ಹೊತ್ತಿನಲ್ಲಿ ಪ್ಯಾಕೇಜ್ ಅಪ್‌ಗ್ರೇಡ್ ನಡೆಯುತ್ತಿದ್ದರೆ ಅರ್ಧಕ್ಕೆ ನಿಂತದ್ದನ್ನು ‘ಡಿಪಿಕೆಜಿ --ಕಾನ್ಫಿಗರ್ -ಎ’ ಓಡಿಸಿ ಎತ್ತಬೇಕಾಗುತ್ತದೆ.

ಸ್ಕ್ರೀನ್ 1987ರಿಂದ ಇದೆ, ಈಗಲೂ ಕೆಲಸ ಮಾಡುತ್ತದೆ. ಉಬುಂಟುವಿನ ಆವೃತ್ತಿ ಅಪ್‌ಗ್ರೇಡ್ ಸಾಧನ ಈಗಲೂ ಇದರೊಳಗೇ ಓಡುತ್ತದೆ, ಜೊತೆಗೆ 1022ನೇ ಪೋರ್ಟಿನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ತೆರೆಯುತ್ತದೆ. ಆದರೆ ಹಿಂದಿನ ಸಾಲುಗಳನ್ನು ತಾನಾಗಿ ನೂರರಷ್ಟೇ ಇಟ್ಟುಕೊಳ್ಳುತ್ತದೆ, ರೆಡ್ ಹ್ಯಾಟ್ ಲಿನಕ್ಸ್ 8ರಿಂದ ಮುಖ್ಯ ಪ್ಯಾಕೇಜ್ ಭಂಡಾರದಲ್ಲೂ ಇಲ್ಲ. ಸರ್ವರ್ ಮೇಲೆ ಮೊದಲೇ ಇದ್ದು ಬೇರೇನೂ ಹಾಕುವ ಅನುಮತಿ ಇಲ್ಲದಿದ್ದರೆ ಬಳಸಿ, ಹೊಸದಾಗಿ ಕಲಿಯಲು ಬೇಡ.

ಟಿಮಕ್ಸ್ ಮೂರನೆಯ ಬಗೆಗೆ, ಅಂದರೆ ಲ್ಯಾಪ್‌ಟಾಪೇ ಸತ್ತಾಗ, ನಿಜವಾದ ಉತ್ತರ. ಕಮಾಂಡ್ ಓಡಿಸುವ ಶೆಲ್ ಸರ್ವರ್‌ನಲ್ಲೇ ಬದುಕಿರುತ್ತದೆ, ನಾವು ಅದನ್ನು ನೋಡಲು ಹೋಗಿ ಬರುವವರಷ್ಟೇ. ನೆನಪಿಡಬೇಕಾದ ಕಮಾಂಡ್ ಒಂದೇ: ‘ಟಿಮಕ್ಸ್ ನ್ಯೂ -ಎ -ಎಸ್ ಮೇನ್’. ಎ ದೊಡ್ಡಕ್ಷರ, ಎಸ್ ಚಿಕ್ಕದು. ಮೇನ್ ಎಂಬ ಸೆಷನ್ ಇದ್ದರೆ ಅದಕ್ಕೇ ಸೇರಿಸುತ್ತದೆ, ಇಲ್ಲದಿದ್ದರೆ ಹೊಸದು ಮಾಡುತ್ತದೆ. ಸೆಟ್ಟಿಂಗ್ ಫೈಲಿನಲ್ಲಿ ಮೂರು ಸಾಲು ಸಾಕು. ಹಿಂದಿನ ಸಾಲುಗಳ ಮಿತಿಯಾದ ‘ಹಿಸ್ಟರಿ ಲಿಮಿಟ್’ 2000ದಿಂದ 20000ಕ್ಕೆ ಏರಿಸಿ; ಇದು ಹೊಸ ವಿಂಡೋಗಳಿಗಷ್ಟೇ ಅನ್ವಯ, ತೆರೆದಿರುವುದಕ್ಕೆ ಅಲ್ಲ. ‘ಮೌಸ್ ಆನ್’ ಮಾಡಿ. ಡೆಬಿಯನ್ 12ರ 3.3 ಆವೃತ್ತಿಯಲ್ಲಿ ‘ಎಸ್ಕೇಪ್ ಟೈಮ್’ 500 ಮಿಲಿಸೆಕೆಂಡ್ ಇರುತ್ತದೆ. ವಿಮ್ ಎಡಿಟರಿನಲ್ಲಿ ಎಸ್ಕೇಪ್ ಒತ್ತಿದ ಮೇಲೆ ಅರ್ಧ ಸೆಕೆಂಡ್ ತಡವಾಗುವುದು ನೆಟ್‌ವರ್ಕಿನ ತಪ್ಪೆಂದು ಬಹಳ ಜನ ಅಂದುಕೊಳ್ಳುತ್ತಾರೆ. ಇದನ್ನು 20ಕ್ಕೆ ಇಳಿಸಿದರೆ ಆ ತಡ ಮಾಯ. ತೀರಾ ಸೊನ್ನೆಗೆ ಇಳಿಸಬೇಡಿ, ನಿಧಾನದ ಲೈನಿನಲ್ಲಿ ಬಾಣದ ಕೀಗಳು ತುಂಡಾಗಿ ಬಂದು ವಿಚಿತ್ರ ಅಕ್ಷರ ಬೀಳುತ್ತವೆ.

ಟಿಮಕ್ಸ್‌ನ ಕಾಡುವ ತೊಂದರೆ ಎಂದರೆ ಏಜೆಂಟ್ ಫಾರ್ವರ್ಡಿಂಗ್, ಅಂದರೆ ಲ್ಯಾಪ್‌ಟಾಪಿನಲ್ಲಿರುವ ಕೀಲಿಯನ್ನು ಸರ್ವರ್‌ನಿಂದಲೂ ಬಳಸುವ ಅನುಕೂಲ. ಕಡಿದು ಮತ್ತೆ ಸೇರಿದ ಮೇಲೆ ಹಳೆಯ ಪೇನಿನಲ್ಲಿ (ವಿಂಡೋದ ಒಂದು ಭಾಗ) ಗಿಟ್ ಪುಲ್ ಮಾಡಿ ಹೊಸ ಕೋಡ್ ತರಲು ಹೋದರೆ ‘ಅನುಮತಿ ಇಲ್ಲ’ ಎನ್ನುತ್ತದೆ, ಪಕ್ಕದಲ್ಲಿ ಹೊಸ ವಿಂಡೋ ತೆರೆದರೆ ಸಲೀಸಾಗಿ ಆಗುತ್ತದೆ. ಹಳೆಯ ಶೆಲ್ಲಿನ ಬಳಿ ಏಜೆಂಟನ್ನು ತಲುಪಿಸುವ, ಹಿಂದಿನ ಸಂಪರ್ಕದ ಸಾಕೆಟ್ ವಿಳಾಸವೇ ಉಳಿದಿರುತ್ತದೆ, ಕಾರಣ ಅಷ್ಟೇ. ಲಾಗಿನ್ ಆದಾಗಲೆಲ್ಲ ಹೊಸ ಸಾಕೆಟ್ಟಿಗೆ ಒಂದೇ ಹೆಸರಿನ ಸಿಂಬಾಲಿಕ್ ಲಿಂಕ್ ಹಾಕುವ ಸಾಲನ್ನು ಸರ್ವರ್‌ನ ಎಸ್‌ಎಸ್‌ಎಚ್ ಫೋಲ್ಡರಿನ ‘ಆರ್‌ಸಿ’ ಫೈಲಿನಲ್ಲಿ ಬರೆದು, ಟಿಮಕ್ಸ್ ಒಳಗಿನ ಶೆಲ್‌ಗಳಿಗೆ ಆ ಲಿಂಕನ್ನೇ ತೋರಿಸಿ.

ಫೋನಿನ ಟರ್ಮಕ್ಸ್ ಎಂಬ ಟರ್ಮಿನಲ್ ಆಪ್‌ನಿಂದ ಅದೇ ಸೆಷನ್‌ಗೆ ಸೇರಿದಾಗ ಲ್ಯಾಪ್‌ಟಾಪಿನ ಪರದೆ ಫೋನಿನಷ್ಟೇ ಕುಗ್ಗಿ ಸುತ್ತ ಚುಕ್ಕಿ ತುಂಬಿದರೆ ಗಾಬರಿ ಬೇಡ. ‘ಟಿಮಕ್ಸ್ ಅಟ್ಯಾಚ್ -ಡಿ’ ಎಂದರೆ ಬೇರೆಯವರನ್ನೆಲ್ಲ ಹೊರಗೆ ಹಾಕಿ ನಿಮ್ಮ ಅಳತೆಗೆ ಬರುತ್ತದೆ.

ಇಷ್ಟಾದರೂ ಟಿಮಕ್ಸ್‌ನಲ್ಲಿ ಪ್ರತಿ ಸಲ ಮತ್ತೆ ಲಾಗಿನ್ ಆಗುವುದು ತಪ್ಪುವುದಿಲ್ಲ. ಆ ಕಾಟ ತಪ್ಪಿಸುವುದು ಮಾಶ್. 2012ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಇದು ಮೊದಲು ಎಸ್‌ಎಸ್‌ಎಚ್ ಮೂಲಕ ಒಳಹೋಗಿ, ಕೀಲಿ ಪಡೆದು, ಆಮೇಲೆ ಪೂರ್ತಿ ಯುಡಿಪಿಯಲ್ಲಿ, ಅಂದರೆ ಟಿಸಿಪಿಯಂತೆ ಸಂಪರ್ಕ ಹಿಡಿದಿಡದೆ ಬಿಡಿ ಪ್ಯಾಕೆಟ್‌ಗಳಲ್ಲಿ, ಮಾತಾಡುತ್ತದೆ. ವಿಳಾಸ ಬದಲಾದರೂ ಅದಕ್ಕೆ ಚಿಂತೆಯಿಲ್ಲ. ಫೈಬರ್ ಕಿತ್ತು ಹಾಟ್‌ಸ್ಪಾಟ್ ಹಾಕಿದರೆ ಮೇಲ್ಗಡೆ ನೀಲಿ ಪಟ್ಟಿಯಲ್ಲಿ ಎಷ್ಟು ಸೆಕೆಂಡಿನಿಂದ ಸುದ್ದಿಯಿಲ್ಲ ಎಂದು ಎಣಿಸುತ್ತದೆ; ನೆಟ್ ಬಂದೊಡನೆ ಪಟ್ಟಿ ಹೋಗಿ, ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ನಿಧಾನದ ಲೈನಿನಲ್ಲಿ ನೀವು ಒತ್ತಿದ ಅಕ್ಷರವನ್ನು ಸರ್ವರ್ ಉತ್ತರಿಸುವ ಮೊದಲೇ ಅಡಿಗೆರೆ ಹಾಕಿ ತೋರಿಸುತ್ತದೆ, ಖಾತ್ರಿಯಾದ ಮೇಲೆ ಗೆರೆ ಅಳಿಯುತ್ತದೆ. ರೈಲಿನಲ್ಲಿ ಟೈಪ್ ಮಾಡಿದವರಿಗೆ ಇದರ ಬೆಲೆ ತಕ್ಷಣ ಗೊತ್ತಾಗುತ್ತದೆ.

ಸೋಲುವುದು ಎರಡು ಕಡೆ. ಒಂದು, ಫೈರ್‌ವಾಲ್. ಮಾಶ್ 60001ರಿಂದ ಮೇಲೆ ಖಾಲಿ ಸಿಕ್ಕ ಮೊದಲ ಪೋರ್ಟ್ ಹಿಡಿಯುತ್ತದೆ, ಸೆಷನ್ ಒಂದಕ್ಕೆ ಒಂದು. 60001ರಿಂದ 60010 ಮಾತ್ರ ತೆರೆದಿಟ್ಟು, ಲ್ಯಾಪ್‌ಟಾಪ್ ದಿನಾ ಹಾಗೇ ಆಫ್ ಆಗುತ್ತಿದ್ದರೆ ಅನಾಥ ಮಾಶ್ ಸರ್ವರ್‌ಗಳು ಒಂದೊಂದೇ ಪೋರ್ಟ್ ನುಂಗುತ್ತವೆ. ಹನ್ನೊಂದನೆಯದು 60011ಕ್ಕೆ ಹೋಗಿ ಮುಚ್ಚಿದ ಬಾಗಿಲಿಗೆ ಬಡಿಯುತ್ತದೆ. ನಿನ್ನೆವರೆಗೆ ಸರಿಯಿದ್ದದ್ದು ಇವತ್ತು ‘ಯುಡಿಪಿಯಲ್ಲಿ ಏನೂ ಬಂದಿಲ್ಲ’ ಎಂದರೆ ಮೊದಲು ಇದನ್ನೇ ನೋಡಿ. ‘ಮಾಶ್ ಸರ್ವರ್ ನೆಟ್‌ವರ್ಕ್ ಟಿಎಂಔಟ್’ ಎಂಬ ಪರಿಸರ ಚರಾಂಶಕ್ಕೆ 86400 ಕೊಟ್ಟರೆ ಒಂದು ದಿನ ಸುದ್ದಿಯಿಲ್ಲದವು ತಾವೇ ಸಾಯುತ್ತವೆ. ಕ್ಲೌಡ್ ಕಂಪನಿಯ ಪ್ಯಾನೆಲ್ಲಿನಲ್ಲೂ ಸರ್ವರ್ ಒಳಗಿನ ಫೈರ್‌ವಾಲಿನಲ್ಲೂ ಬೇರೆ ಬೇರೆಯಾಗಿ ಪೋರ್ಟ್ ತೆರೆಯಬೇಕು.

ಇನ್ನೊಂದು, ಲೊಕೇಲ್, ಅಂದರೆ ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್. ಲ್ಯಾಪ್‌ಟಾಪನ್ನು ಕನ್ನಡಕ್ಕೆ ಹೊಂದಿಸಿಕೊಂಡವರಿಗೆ ಇದು ಬಂದೇ ಬರುತ್ತದೆ: ಎಸ್‌ಎಸ್‌ಎಚ್ ಕನ್ನಡ ಲೊಕೇಲಿನ ಹೆಸರನ್ನು ಜೊತೆಗೆ ಒಯ್ಯುತ್ತದೆ, ಸರ್ವರ್‌ನಲ್ಲಿ ಅದು ಇರುವುದಿಲ್ಲ, ಯುಟಿಎಫ್-8 ಬೇಕೆಂದು ಮಾಶ್ ಹಟ ಹಿಡಿದು ನಿಲ್ಲುತ್ತದೆ. ಸರ್ವರ್‌ನ ‘ಲೊಕೇಲ್ ಜೆನ್’ ಫೈಲಿನಲ್ಲಿ ಕನ್ನಡದ ಸಾಲಿನ ಹ್ಯಾಶ್ ತೆಗೆದು ‘ಲೊಕೇಲ್-ಜೆನ್’ ಓಡಿಸಿದರೆ ಮುಗಿಯಿತು. ಕನ್ನಡ ಬಿಟ್ಟು ಓಡಬೇಡಿ, ಒಂದೇ ನಿಮಿಷದ ಕೆಲಸ.

ಮಾಶ್‌ಗೆ ಹಿಂದಕ್ಕೆ ಸ್ಕ್ರೋಲ್ ಇಲ್ಲ, ಏಜೆಂಟ್ ಫಾರ್ವರ್ಡಿಂಗ್ ಇಲ್ಲ, ಪೋರ್ಟ್ ಫಾರ್ವರ್ಡಿಂಗೂ ಇಲ್ಲ. ಲ್ಯಾಪ್‌ಟಾಪ್ ಆಫ್ ಆದರೆ ಆ ಸೆಷನ್‌ಗೆ ಮತ್ತೆ ಸೇರಲಾಗದು. ಹಾಗಾಗಿ ಒಂಟಿ ಮಾಶ್ ಸಲ್ಲದು. ಮಾಶ್ ಮೂಲಕ ಹೋಗಿ ಒಳಗೆ ಟಿಮಕ್ಸ್ ತೆರೆಯುವ ಜೋಡಿಗೇ ನನ್ನ ಮತ. ಸ್ಕ್ರೋಲನ್ನು ಟಿಮಕ್ಸ್ ನೋಡಿಕೊಳ್ಳುತ್ತದೆ, ಗಿಟ್‌ಗೆ ಸರ್ವರ್‌ನಲ್ಲೇ ಓದಲಷ್ಟೇ ಅನುಮತಿಯ ಬೇರೆ ಕೀಲಿ ಇಡಿ. ಯುಡಿಪಿ ತೆರೆಯಲು ಬಿಡದ ಕಚೇರಿಯ ಸರ್ವರ್ ಆದರೆ ಟಿಮಕ್ಸ್, ಜೊತೆಗೆ ಮೇಲೆ ಹೇಳಿದ ಇಂಟರ್ವಲ್ 30, ಕೌಂಟ್ ಮ್ಯಾಕ್ಸ್ 20. ಸರ್ವರ್ ಸ್ವತಃ ರೀಬೂಟ್ ಆದರೆ ಟಿಮಕ್ಸ್ ಸೆಷನ್ನೂ ಉಳಿಯದು, ಆದ್ದರಿಂದ ದಿನಗಟ್ಟಲೆ ಓಡಬೇಕಾದದ್ದನ್ನು ಅದರೊಳಗೆ ಬಿಡದೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಓಡಿಸುವ ವ್ಯವಸ್ಥೆ) ಸರ್ವಿಸ್ ಮಾಡಿ, ಬೂಟ್ ಆದಾಗ ತಾನೇ ಏಳುವಂತೆ ಎನೇಬಲ್ ಮಾಡಿಡಿ.