ಒಬ್ಬರು ಮೊದಲು ಹೋಗಬೇಕಾ, ಇಬ್ಬರೂ ಒಟ್ಟಿಗೆ ಹೋಗಬೇಕಾ?

ಹೊರದೇಶದಲ್ಲಿ ಕೆಲಸ ಸಿಕ್ಕಿತು ಅಂದ ತಕ್ಷಣ ಗಂಡ ಹೆಂಡತಿ ನಡುವೆ ಏಳುವ ಮೊದಲ ಪ್ರಶ್ನೆ ಇದು. ನಾವು ಎರಡನ್ನೂ ಮಾಡಿ ನೋಡಿದ್ದೇವೆ. 2017ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಇವಳು ಮಾರ್ಚ್‌ನಲ್ಲಿ ಹೋದಳು, ನಾನು ಜೂನ್‌ನಲ್ಲಿ ಹೋದೆ. ಎರಡು ವರ್ಷ ಇದ್ದು ಬೆಂಗಳೂರಿಗೆ ವಾಪಸ್ ಬಂದೆವು. 2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಮ್ಯೂನಿಕ್‌ಗೆ ಒಂದೇ ವಿಮಾನದಲ್ಲಿ ಹೊರಟೆವು. ಎರಡು ಸಲವೂ ಕೆಲಸ ಸಿಕ್ಕಿದ್ದು ಇವಳಿಗೆ. ಬಾಲದ ಹಾಗೆ ಹೋದವನು ನಾನು. ಅಮ್ಮ ಫೋನಿನಲ್ಲಿ ಮೊದಲು ಕೇಳಿದ್ದು, "ಹಂಗಾದ್ರೆ ಅಲ್ಲಿ ಅಡಿಗೆ ನೀನೇ ಮಾಡ್ತೀಯೇನೋ?" ಹೌದು, ನಾನೇ ಮಾಡಿದೆ.

ಮೊದಲ ಸಲ ಬೇರೆ ಬೇರೆ ಹೋಗಿದ್ದು ಪ್ಲಾನ್ ಮಾಡಿ ಅಲ್ಲ. ಮದುವೆಯಾಗಿ ನಾಲ್ಕು ವರ್ಷ ಆಗಿದ್ದರೂ ನಾವು ರಿಜಿಸ್ಟರ್ ಮಾಡಿಸಿರಲಿಲ್ಲ. ಛತ್ರದ ಫೋಟೋ ಆಲ್ಬಮ್ ಒಂದೇ ಸಾಕ್ಷಿ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೆದು ಸರ್ಟಿಫಿಕೇಟ್ ಮಾಡಿಸಿ, ಅದು ಹೊರದೇಶದಲ್ಲಿ ನಡೆಯಲು ಬೇಕಾದ ಅಪಾಸ್ಟಿಲ್ ಮುದ್ರೆ ಹಾಕಿಸುವಷ್ಟರಲ್ಲಿ ಇವಳು ಕೆಲಸಕ್ಕೆ ಸೇರಬೇಕಾದ ದಿನ ಬಂದೇ ಬಿಟ್ಟಿತು. ಇದನ್ನು ಓದುತ್ತಿರುವವರು ಇನ್ನೂ ರಿಜಿಸ್ಟರ್ ಮಾಡಿಸಿಲ್ಲ ಅಂದರೆ ಇವತ್ತೇ ಮಾಡಿಸಿ, ಆಫರ್ ಬರುವ ತನಕ ಕಾಯಬೇಡಿ. ಎರಡನೇ ಸಲ ಕಾಗದದ ತೊಂದರೆ ಇರಲಿಲ್ಲ. ಇವಳದು ಬ್ಲೂ ಕಾರ್ಡ್, ಅಂದರೆ ಓದಿದ, ಒಳ್ಳೆಯ ಸಂಬಳದ ಕೆಲಸದವರಿಗೆ ಕೊಡುವ ಪರವಾನಗಿ, ಆದ್ದರಿಂದ ನನಗೆ ಜರ್ಮನ್ ಪರೀಕ್ಷೆಯ ಕಾಟವೂ ಇರಲಿಲ್ಲ. ಆಗ ಬೇರೆ ಬಗೆಯ ಕೆಲಸದ ವೀಸಾ ಇದ್ದವರ ಗಂಡ ಹೆಂಡತಿಗೆ ಸಾಮಾನ್ಯವಾಗಿ ಎ1, ಅಂದರೆ ಆರಂಭದ ಮಟ್ಟದ ಪರೀಕ್ಷೆ ಕೇಳುತ್ತಿದ್ದರು.

ಮೊದಲು ದುಡ್ಡಿನ ಲೆಕ್ಕ. ಐಂಡ್‌ಹೋವನ್ ಸಲ ಮೂರು ತಿಂಗಳು ಎರಡು ಬಾಡಿಗೆ ಕಟ್ಟಿದೆವು. ಅಲ್ಲಿ 1,050 ಯೂರೋ, ಬೆಂಗಳೂರಲ್ಲಿ 22,000 ರೂಪಾಯಿ. ಆದರೆ ಆ ಮೂರು ತಿಂಗಳಲ್ಲಿ ನಾನು ಆರಾಮಾಗಿ ಮನೆ ಖಾಲಿ ಮಾಡಿದೆ. ಫ್ರಿಜ್ ಮಾರಿದೆ, ಗ್ಯಾಸ್ ಸಿಲಿಂಡರ್ ಸರೆಂಡರ್ ಮಾಡಿದೆ, ಓನರ್ ಹತ್ತಿರ ಕೂತು ಮಾತಾಡಿ ಅಡ್ವಾನ್ಸ್ ಪೂರ್ತಿ ಇಸ್ಕೊಂಡೆ. ಮ್ಯೂನಿಕ್ ಸಲ ಇದೆಲ್ಲ ಹದಿನಾಲ್ಕು ದಿನದಲ್ಲಿ ಮುಗಿಯಬೇಕಿತ್ತು. ವಾಷಿಂಗ್ ಮಷೀನ್ ಹೆಚ್ಚುಕಮ್ಮಿ ದಾನ ಮಾಡಿದ ಹಾಗೆ ಹೋಯಿತು. ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಹೆಸರಿನಲ್ಲಿ ಒಂದೂವರೆ ತಿಂಗಳ ಬಾಡಿಗೆ ಮುರಿದುಕೊಂಡರು, ಜಗಳವಾಡಲು ಪುರುಸೊತ್ತು ಇರಲಿಲ್ಲ. ಅಲ್ಲಿಗೆ ಹೋದ ಮೇಲೆ ಕಂಪನಿ ಒಂದು ತಿಂಗಳ ತಾತ್ಕಾಲಿಕ ಮನೆ ಕೊಟ್ಟಿತು. ಮುಂದಿನ ಎರಡು ತಿಂಗಳು ಅಂಥದ್ದೇ ಒಂದು ರೂಮಿಗೆ ತಿಂಗಳಿಗೆ 1,900 ಯೂರೋ ನಾವೇ ಕೊಟ್ಟೆವು. ಒಬ್ಬಳೇ ಹೋಗಿದ್ದರೆ ಯಾವುದಾದರೂ ಹಂಚಿಕೊಂಡ ಮನೆಯಲ್ಲಿ ಒಂದು ರೂಮು ಹಿಡಿದು ಅದರ ಅರ್ಧ ದುಡ್ಡಲ್ಲಿ ಇರಬಹುದಿತ್ತು. ದುಡ್ಡಿನ ಮಟ್ಟಿಗೆ ಒಬ್ಬರು ಮೊದಲು ಹೋಗುವುದೇ ಗೆದ್ದಿತು, ಅನುಮಾನವಿಲ್ಲ.

ದಂಡದಲ್ಲೂ ಹಾಗೇ. ಮ್ಯೂನಿಕ್‌ಗೆ ಬಂದ ನಾಲ್ಕನೇ ದಿನ ರೈಲಿನಲ್ಲಿ ಟಿಕೆಟ್ ಪರೀಕ್ಷೆಗೆ ಬಂದರು. ಟಿಕೆಟ್ ಇತ್ತು. ಹತ್ತುವ ಮುಂಚೆ ಮಷೀನಿಗೆ ತೂರಿಸಿ ಮುದ್ರೆ ಒತ್ತಿಸಬೇಕು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ತಲೆಗೆ 60 ಯೂರೋ, ಎರಡು ತಲೆಗೆ 120.

ತೆರಿಗೆ, ವಿಮೆ ಕಡೆ ನೋಡಿದರೆ ಲೆಕ್ಕ ಸ್ವಲ್ಪ ತಿರುಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ದೊಡ್ಡವರು ಒಬ್ಬೊಬ್ಬರೂ ತಮ್ಮ ತಮ್ಮ ಆರೋಗ್ಯ ವಿಮೆ ಮಾಡಿಸಲೇಬೇಕು. ಅದರ ಮೇಲೆ ವರ್ಷಕ್ಕೆ ಮೊದಲ 385 ಯೂರೋ ಚಿಕಿತ್ಸೆ ಖರ್ಚು ನಮ್ಮ ಕೈಯಿಂದಲೇ. ಮನೆ ಡಾಕ್ಟರ್ ಹತ್ತಿರ ಹೋದರೆ ಮಾತ್ರ ಇದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಾನು ಹೋದ ತಿಂಗಳಿಂದ ವಿಮೆ ಖರ್ಚು ಎರಡರಷ್ಟು. ಜರ್ಮನಿಯಲ್ಲಿ ಸರ್ಕಾರಿ ಪದ್ಧತಿಯ ವಿಮೆ ಇದ್ದರೆ ದುಡಿಯದ ಗಂಡನೋ ಹೆಂಡತಿಯೋ ಪುಕ್ಕಟೆ ಸೇರಿಕೊಳ್ಳಬಹುದು. ತೆರಿಗೆಯಲ್ಲೂ ಅಷ್ಟೇ, ಅಲ್ಲಿ ಸಂಬಳದವರನ್ನು ಆರು ವರ್ಗ ಮಾಡಿ ತೆರಿಗೆ ಮುರಿದುಕೊಳ್ಳುತ್ತಾರೆ. ಜೊತೆಗಾರರು ಭಾರತದಲ್ಲೇ ಇದ್ದರೆ ದುಡಿಯುವವರನ್ನು ಒಂಟಿಯವರ ಒಂದನೇ ವರ್ಗಕ್ಕೆ ಹಾಕುತ್ತಾರೆ. ಇಬ್ಬರೂ ಅಲ್ಲೇ ಇದ್ದರೆ ದುಡಿಯುವವರಿಗೆ ಮೂರನೇ ವರ್ಗ, ಇನ್ನೊಬ್ಬರಿಗೆ ಐದನೇ ವರ್ಗ ಅಂತ ಅರ್ಜಿ ಹಾಕಬಹುದು, ದುಡಿಯುವವರ ಕೈಗೆ ಪ್ರತಿ ತಿಂಗಳು ಜಾಸ್ತಿ ಬರುತ್ತದೆ. ಆದರೆ ಅದಕ್ಕೆಲ್ಲ ವಿಳಾಸ ನೋಂದಣಿ ಆಗಬೇಕು, ಮನೆ ಸೇರಿದ ಎರಡು ವಾರದೊಳಗೆ. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಕಾಗದ ಬೇಕು. ನಮ್ಮ ತಾತ್ಕಾಲಿಕ ಮನೆಯವರು ಆ ಒಂದು ಕಾಗದಕ್ಕೆ ಮೂರು ವಾರ ಸತಾಯಿಸಿದರು. ತೆರಿಗೆ ನಂಬರ್ ಬರದೆ ಇವಳ ಮೊದಲ ಸಂಬಳ ಆರನೇ ವರ್ಗದಲ್ಲಿ, ಅಂದರೆ ಎಲ್ಲಕ್ಕಿಂತ ಜಾಸ್ತಿ ಕಡಿತವಾಗಿ ಬಂತು. ಆಮೇಲೆ ಸರಿಹೋಯಿತು ಬಿಡಿ.

ಇಷ್ಟು ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಗೊತ್ತಿಲ್ಲದೇ ಇದ್ದದ್ದು ಬೇರೆ.

ಐಂಡ್‌ಹೋವನ್‌ನಲ್ಲಿ ನಾನು ಹೋಗುವಷ್ಟರಲ್ಲಿ ಮನೆ ರೆಡಿ. ಪರದೆ, ನೆಲಹಾಸು ಮನೆಯ ಜೊತೆ ಬಂದಿದ್ದವು. ಉಳಿದದ್ದನ್ನು ಇವಳು ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಒಂದೊಂದೇ ತಂದು ಜೋಡಿಸಿದ್ದಳು. ಮೊದಲ ದಿನ ಬೆಳಿಗ್ಗೆ ಕಾಫಿ ಮಾಡೋಣ ಅಂತ ಎದ್ದೆ. ಫಿಲ್ಟರ್ ಊರಿಂದ ನಾನೇ ತಂದಿದ್ದೆ. ಚಮಚ ಬೇಕಿತ್ತು. ಒಂದು ಡ್ರಾಯರ್ ಎಳೆದೆ, ಪ್ಲಾಸ್ಟಿಕ್ ಚೀಲಗಳು. ಇನ್ನೊಂದು ಎಳೆದೆ, ಬಿಲ್ಲು, ಬ್ಯಾಟರಿ. ಮೇಲಿನ ಕಪಾಟು ತೆಗೆದೆ, ಲೋಟ. ಬಚ್ಚಲುಮನೆಯಿಂದ ಕೂಗಿದಳು, "ಒಲೆ ಪಕ್ಕ, ಎಡಗಡೆ ಎರಡನೇದು!" ಸರಿಯಾಗಿ ಅಲ್ಲೇ ಇತ್ತು. ಸಕ್ಕರೆಗೂ ಹೀಗೇ, ಕಸದ ಚೀಲಕ್ಕೂ ಹೀಗೇ. ಯಾವ ಬಸ್ಸು, ಕೊತ್ತಂಬರಿ ಸೊಪ್ಪು ಯಾವ ಅಂಗಡಿ, ಪಕ್ಕದ ಮನೆ ಅಜ್ಜಿಗೆ ಏನಂತ ನಮಸ್ಕಾರ ಹೇಳಬೇಕು, ಎಲ್ಲಕ್ಕೂ ಉತ್ತರ ಇವಳ ಹತ್ತಿರ. ನನಗಾಗಿ ಸೈಕಲ್ ಕೂಡ ಕೊಂಡಿಟ್ಟಿದ್ದಳು. ಅದಕ್ಕೆ ಕೈ ಬ್ರೇಕ್ ಇಲ್ಲ, ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್. ನಮ್ಮ ಕಡೆ ಸೈಕಲ್ ಹೊಡೆಯುವಾಗ ಸುಮ್ನೆ ಹಿಂದಕ್ಕೆ ತುಳಿಯುವ ಅಭ್ಯಾಸ ಇರುತ್ತಲ್ವಾ? ಮೊದಲ ತಿರುವಿನಲ್ಲೇ ಗಕ್ಕನೆ ನಿಂತು ಬಿದ್ದೆ. ಇವಳು ಮುಂದೆ ಆರಾಮಾಗಿ ಹೋಗುತ್ತಿದ್ದಳು.

ಯಾರ ತಪ್ಪೂ ಅಲ್ಲ. ಪಾಪ, ಎಲ್ಲ ನನಗಾಗಿಯೇ ಮಾಡಿದ್ದು. ಆದರೆ ಆರು ತಿಂಗಳು ಆ ಮನೆಯಲ್ಲಿ ನಾನು ನೆಂಟನಾಗಿದ್ದೆ. ಕೆಲಸ ಮಾಡಲು ಅಡ್ಡಿಯಿಲ್ಲ ಅಂತ ನನ್ನ ಕಾರ್ಡಿನ ಹಿಂದೆ ಬರೆದಿತ್ತು. ಊರಿಗೆ ಊರೇ ಇಂಗ್ಲಿಷ್ ಮಾತಾಡುತ್ತಿತ್ತು. ಆದರೂ ಹೊರಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಏನೇ ಕೇಳಬೇಕಾದರೂ ಸಂಜೆ ಇವಳು ಬರಲಿ ಅಂತ ಕಾಯುತ್ತಿದ್ದೆ.

ಮೊದಲು ಹೋದವರ ಕಥೆ ನನಗೆ ಗೊತ್ತಾಗಿದ್ದು ಎರಡು ವರ್ಷದ ಮೇಲೆ. ಆ ಮೂರು ತಿಂಗಳು ಇವಳು ರಾತ್ರಿ ಊಟಕ್ಕೆ ಬ್ರೆಡ್ಡು ಚೀಸು ತಿಂದೇ ಕಳೆದಿದ್ದಳಂತೆ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ಇವಳು ಆಫೀಸಿನಿಂದ ಬಂದು ಕೂರುವಾಗ ನನಗೆ ನಿದ್ದೆ ಎಳೆಯುತ್ತಿತ್ತು. "ಊಟ ಆಯ್ತಾ?" "ಆಯ್ತು." ಅಷ್ಟೇ ನಮ್ಮ ಮಾತು.

ಮ್ಯೂನಿಕ್‌ಗೆ ನಾವು ಇಳಿದಿದ್ದು ಶನಿವಾರ ರಾತ್ರಿ. ಭಾನುವಾರ ಅಂಗಡಿ ಮುಚ್ಚಿರುತ್ತವೆ ಅಂತ ಓದಿದ್ದೆವು, ಆದರೆ ಇಷ್ಟು ಮುಚ್ಚಿರುತ್ತವೆ ಅಂತ ಅಂದುಕೊಂಡಿರಲಿಲ್ಲ. ಚೀಲದಲ್ಲಿದ್ದ ಅವಲಕ್ಕಿ ನೆನೆಸಿ, ಚಟ್ನಿಪುಡಿ ಕಲಸಿ ತಿಂದೆವು. ಸಂಜೆ ಮುಖ್ಯ ರೈಲು ನಿಲ್ದಾಣದ ಒಳಗೆ ಅಂಗಡಿ ತೆರೆದಿರುವುದನ್ನು ಕಂಡುಹಿಡಿದಿದ್ದು ನಾನು. ಹಾಲು, ಬಾಳೆಹಣ್ಣು ತಂದಿದ್ದಕ್ಕೆ ದೊಡ್ಡ ಬೇಟೆ ಆಡಿ ಬಂದವನ ಹಾಗೆ ಬೀಗಿದೆ.

ಜಗಳ ಆಗಲಿಲ್ಲ ಅಂತಲ್ಲ. ತುಂಬ ಆಯಿತು. ಇಬ್ಬರಿಗೂ ಏನೂ ಗೊತ್ತಿಲ್ಲದಿದ್ದಾಗ ಸಮಾಧಾನ ಹೇಳುವವರು ಯಾರು? ಮನೆ ನೋಡಲು ಹೋದರೆ ಮೆಟ್ಟಿಲ ತನಕ ಕ್ಯೂ. ಹದಿನೇಳನೇದೋ ಹದಿನೆಂಟನೇದೋ ಮನೆ ಸಿಕ್ಕಿತು. ಒಳಗೆ ಹೋದರೆ ಅಡಿಗೆಮನೆಯೇ ಇಲ್ಲ. ಗೋಡೆಯಿಂದ ನೀರಿನ ಪೈಪು ಚಾಚಿಕೊಂಡಿದೆ, ಅಷ್ಟೇ. ಸಿಂಕು, ಒಲೆ, ಕಪಾಟು ಎಲ್ಲ ನಾವೇ ಹಾಕಿಸಿಕೊಳ್ಳಬೇಕು, ಅಲ್ಲಿ ಇದು ಮಾಮೂಲು. ಆರು ವಾರ ಒಂದು ಕರೆಂಟ್ ಒಲೆಯಲ್ಲಿ ಅನ್ನ ಸಾರು ಮಾಡಿ, ಪಾತ್ರೆಗಳನ್ನು ಬಚ್ಚಲಲ್ಲಿ ತೊಳೆದೆ.

ಆದರೆ ಆ ಅಡಿಗೆಮನೆಯ ಡ್ರಾಯರ್‌ಗಳಿಗೆ ಏನೇನು ಹೋಗಬೇಕು ಅಂತ ತೀರ್ಮಾನ ಮಾಡಿದ್ದು ಇಬ್ಬರೂ ನೆಲದ ಮೇಲೆ ಕೂತು. ಇವಳು ಆಫೀಸಿಗೆ ಹೋದಾಗ ನಾನು ಫೋಲ್ಕ್ಸ್‌ಹೋಕ್‌ಶೂಲೆ, ಅಂದರೆ ನಗರದ ವಯಸ್ಕರ ಶಾಲೆಯಲ್ಲಿ ಜರ್ಮನ್ ಕ್ಲಾಸಿಗೆ ಸೇರಿದೆ. ಪ್ಲಾಸ್ಟಿಕ್ ಕಸಕ್ಕೆ ಮನೆ ಹತ್ತಿರ ಡಬ್ಬಿ ಇಲ್ಲ, ಬೀದಿ ಮೂಲೆಯ ಕಂಟೇನರ್‌ಗೆ ಒಯ್ಯಬೇಕು, ಭಾನುವಾರ ಬಾಟಲಿ ಹಾಕಿದರೆ ಸದ್ದಾಯಿತು ಅಂತ ಬೈಸಿಕೊಳ್ಳಬೇಕು ಅಂತೆಲ್ಲ ಇವಳಿಗೆ ಹೇಳಿಕೊಟ್ಟವನು ನಾನು. ಬ್ಯಾಂಕಿನ ಕಾಗದ ಇವಳಿಗೆ ಗೊತ್ತು, ಬೇಕರಿಯವಳ ಜೊತೆ ಮಾತು ನನಗೆ ಗೊತ್ತು.

ಹಾಗಾದರೆ ಯಾವುದು? ಮಕ್ಕಳಿಲ್ಲದೆ ಇಬ್ಬರೇ ಇದ್ದು, ನಾಲ್ಕೈದು ತಿಂಗಳ ಖರ್ಚಿನಷ್ಟು ದುಡ್ಡು ಕೈಯಲ್ಲಿದ್ದರೆ ನನ್ನ ಓಟು ಒಟ್ಟಿಗೆ ಹೋಗುವುದಕ್ಕೆ. ಚಿಕ್ಕ ಮಗು ಇದ್ದರೆ ಬೇಡವೇ ಬೇಡ, ಆ ಒಂದು ರೂಮಿನಲ್ಲಿ ಮಗು ಇಟ್ಟುಕೊಂಡು ಮನೆ ಹುಡುಕುವುದು ನನ್ನ ಕೈಲಾಗದು. ಆಗ ಒಬ್ಬರು ಮೊದಲು ಹೋಗಿ ಮನೆ ಹಿಡಿಯಲಿ. ಹಾಸಿಗೆ ಒಂದು, ಪಾತ್ರೆ ನಾಲ್ಕು ಕೊಂಡರೆ ಸಾಕು. ಉಳಿದದ್ದನ್ನೆಲ್ಲ ರಟ್ಟಿನ ಡಬ್ಬಿಯಲ್ಲೇ ಬಿಡಲಿ, ಇನ್ನೊಬ್ಬರು ಬಂದು ಬಿಚ್ಚಲಿ. ಸೈಕಲ್ ಅಂತೂ ದಯವಿಟ್ಟು ಮೊದಲೇ ಕೊಳ್ಳಬೇಡಿ.