ಪಶ್ಚಿಮದ ಕಿಟಕಿಗೆ ಏನು ಕಟ್ಟಬೇಕು? ಬ್ಲಾಕ್‌ಔಟ್ ಕರ್ಟನ್, ಕಂಬಳಿ, ಬಿದಿರಿನ ತಟ್ಟಿ

ದಾವಣಗೆರೆಯಲ್ಲಿ ನಿದ್ದೆ ಕೆಡಿಸುವುದು ಮುಖ್ಯವಾಗಿ ಎರಡು, ಬೆಳಕು ಮತ್ತು ಕಾವು. ಅಂಗಡಿಯಲ್ಲಿ ಎರಡಕ್ಕೂ ಒಂದೇ ಪರದೆ ತೋರಿಸುತ್ತಾರೆ. ಆದರೆ ಬೆಳಕನ್ನು ಚೆನ್ನಾಗಿ ತಡೆಯುವುದು ಕಾವನ್ನು ತಡೆಯುವುದಿಲ್ಲ. ಕಾವನ್ನು ತಡೆಯುವುದು ಬೆಳಕು ಬಿಡುತ್ತದೆ. ಎರಡನ್ನೂ ತಡೆದು ಕಿಟಕಿ ಮುಚ್ಚಿಬಿಟ್ಟರೆ ಗಾಳಿ ಇಲ್ಲ. ಹಾಗಾಗಿ ಯಾವುದು ಒಳ್ಳೆಯದು ಅಂತ ಕೇಳುವ ಮೊದಲು, ಆ ಕೋಣೆಯಲ್ಲಿ ಯಾರು ಮಲಗುತ್ತಾರೆ, ಯಾವ ಹೊತ್ತಿಗೆ ಮಲಗುತ್ತಾರೆ ಅಂತ ನೋಡಬೇಕು.

ನಮ್ಮದು ವಿದ್ಯಾನಗರದ ಕಡೆ ಮೇಲಿನ ಅಂತಸ್ತಿನ ಮನೆ, ಆರ್‌ಸಿಸಿ ಮಾಳಿಗೆ. ಪಶ್ಚಿಮಕ್ಕೆ ಕಿಟಕಿ ಇರುವ ಕೋಣೆ ತಂಗಿಯದು. ಅವಳು ನರ್ಸ್. ನೈಟ್ ಡ್ಯೂಟಿ ಇದ್ದಾಗ ಬೆಳಿಗ್ಗೆ ಬಂದು ಮಲಗಿದರೆ ಮಧ್ಯಾಹ್ನ ಮೂರು ನಾಲ್ಕರ ತನಕ ನಿದ್ದೆ ಆಗಬೇಕು. ಪೂರ್ವದ ಕೋಣೆ ಅವ್ವ, ಅಪ್ಪಾಜಿಯದು. ಅದರ ಕಿಟಕಿ ಎದುರಿಗೇ ಬೀದಿ ದೀಪ. ಎರಡೂ ಕಡೆ ಬೇರೆ ಬೇರೆ ಪರದೆಗಳನ್ನು ಹಾಕಿ, ತೆಗೆದು, ಬದಲಾಯಿಸಿ ನೋಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಬೆಳಕಿನ ವಿಷಯ ಮೊದಲು. ಕಣ್ಣು ಮುಚ್ಚಿದರೂ ರೆಪ್ಪೆ ದಾಟಿ ಬೆಳಕು ಒಳಗೆ ಹೋಗುತ್ತದೆ. ಕಣ್ಣಿನ ಒಳಗೆ ಹಗಲು ರಾತ್ರಿಯ ಲೆಕ್ಕ ಇಡುವ ಕೆಲವು ಕೋಶಗಳಿವೆ. ಅವು 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಜಾಸ್ತಿ ಸ್ಪಂದಿಸುತ್ತವೆ. ಆ ಬೆಳಕು ಬಿದ್ದರೆ ಮೆದುಳಿಗೆ ಇನ್ನೂ ಹಗಲು ಅನ್ನುವ ಸುದ್ದಿ ಹೋಗುತ್ತದೆ, ನಿದ್ದೆಗೆ ಕರೆಯುವ ಮೆಲಟೋನಿನ್ ಕಮ್ಮಿಯಾಗುತ್ತದೆ. ಹಳೆಯ ಸೋಡಿಯಂ ಬೀದಿ ದೀಪದ ಹಳದಿ ಬೆಳಕಿನಲ್ಲಿ ಈ ನೀಲಿ ಕಮ್ಮಿ ಇತ್ತು. ಈಗಿನ ಬಿಳಿ ಎಲ್‌ಇಡಿಯಲ್ಲಿ ಜಾಸ್ತಿ. ಬೀದಿಗೆ ಅದು ಒಳ್ಳೆಯದೇ, ಮಂಚದ ಮೇಲೆ ಬೀಳಬಾರದು ಅಷ್ಟೇ.

ಬೆಳಕು ತಡೆಯಲೆಂದೇ ಮಾಡಿದ ಬ್ಲಾಕ್‌ಔಟ್ ಕರ್ಟನ್‌ನಲ್ಲಿ ಎರಡು ಥರ. ಒಂದರಲ್ಲಿ ನಡುವೆ ಕಪ್ಪು ನೂಲಿಟ್ಟು ಒತ್ತಾಗಿ ನೇಯ್ದಿರುತ್ತಾರೆ. ಇನ್ನೊಂದಕ್ಕೆ ಹಿಂಬದಿಯಲ್ಲಿ ರಬ್ಬರಿನಂಥ ಲೇಪ. ಲೇಪದ್ದರಲ್ಲಿ ಕತ್ತಲು ಪೂರ್ತಿ. ಆದರೆ ಬಟ್ಟೆ ಬಿರುಸು, ಗಾಳಿ ಒಂದಿಷ್ಟೂ ದಾಟುವುದಿಲ್ಲ, ಬಿಸಿಲು ಬೀಳುವ ಕಡೆ ಲೇಪ ಕಾಲಕ್ರಮೇಣ ಉದುರುತ್ತದೆ. ನೇಯ್ದದ್ದು ಮೆತ್ತಗೆ ಬೀಳುತ್ತದೆ, ಮನೆಯಲ್ಲೇ ಒಗೆಯಬಹುದು. ತಿಳಿ ಬಣ್ಣದ್ದಾದರೆ ಸ್ವಲ್ಪ ಬೆಳಕು ಸೋಸುತ್ತದೆ. ಗಾಢ ನೀಲಿ, ಕಂದು ತಗೊಂಡರೆ ಆ ತೊಂದರೆ ಇಲ್ಲ. ನನ್ನ ಮತ ನೇಯ್ದದ್ದಕ್ಕೆ. ಕೊಳ್ಳುವಾಗ ಬಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಚ್ಚಿ ನೋಡಿ, ಮಾರುವವರ ಮಾತಿಗಿಂತ ಅದು ಗಟ್ಟಿ.

ಬಟ್ಟೆ ಎಷ್ಟೇ ದಪ್ಪ ಇದ್ದರೂ ಬೆಳಕು ನುಗ್ಗುವುದು ಅಂಚಿನಿಂದ. ರಾಡ್ ಹಾಕುವ ಮೇಸ್ತ್ರಿಗಳು ಸಾಮಾನ್ಯವಾಗಿ ಕಿಟಕಿ ಚೌಕಟ್ಟಿನ ಅಳತೆಗೇ ರಾಡ್ ಹಾಕಿಬಿಡುತ್ತಾರೆ. ಆಗ ಎರಡೂ ಪಕ್ಕದಲ್ಲಿ ಬಿಳಿ ಪಟ್ಟಿ ಹಾಗೇ ಉಳಿಯುತ್ತದೆ. ರಾಡ್ ಚೌಕಟ್ಟಿಗಿಂತ ಎರಡೂ ಕಡೆ ಅರ್ಧ ಅಡಿ ಉದ್ದ ಇರಲಿ, ಅಷ್ಟೇ ಎತ್ತರಕ್ಕೂ ಹೋಗಲಿ. ರಾಡ್ ತೂರಿಸಲು ಮೇಲೆ ಬಳೆ ಇರುವ ಐಲೆಟ್ ಪರದೆಯಲ್ಲಿ ಮೇಲಿನ ಮಡಿಕೆಗಳ ನಡುವೆ ಬೆಳಕು ಬರುತ್ತದೆ. ಎರಡೂ ತುದಿ ಗೋಡೆಗೆ ಬಾಗಿದ ರಾಡ್ ಸಿಕ್ಕರೆ ಪಕ್ಕದ ಸಂದು ಮುಚ್ಚುತ್ತದೆ. ಸಿಗದಿದ್ದರೆ ಪರದೆಯ ಹೊರ ಅಂಚಿಗೆ, ಗೋಡೆಗೆ ವೆಲ್ಕ್ರೋ ಪಟ್ಟಿ ಅಂಟಿಸಿದರೂ ಆದೀತು. ತಂಗಿಯ ಕೋಣೆಯಲ್ಲಿ ನಿಜವಾದ ಕತ್ತಲು ಬಂದದ್ದು ಈ ಪಟ್ಟಿ ಹಾಕಿದ ಮೇಲೆ, ಪರದೆ ಹಾಕಿದ ದಿನ ಅಲ್ಲ.

ಇದಕ್ಕೆ ಎದುರಾಗಿ ನಿಲ್ಲಿಸಿ ನೋಡಿದ್ದು ಮನೆಯಲ್ಲೇ ಇದ್ದ ಕಪ್ಪು ಕಂಬಳಿ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯದು. ಕತ್ತಲಿನ ವಿಷಯದಲ್ಲಿ ಅದು ಬ್ಲಾಕ್‌ಔಟ್‌ಗೆ ಹತ್ತಿರ ಹತ್ತಿರ ಬರುತ್ತದೆ. ನೇಯ್ಗೆ ಒರಟು, ಹಾಗಾಗಿ ಅಲ್ಲಲ್ಲಿ ಸೂಜಿ ಮೊನೆಯಷ್ಟು ಬೆಳಕು ಕಾಣುತ್ತದೆ. ಆದರೆ ಉಸಿರಾಡುತ್ತದೆ, ಕಿಟಕಿ ತೆಗೆದಿಟ್ಟರೆ ಹಿಂದಿನಿಂದ ಗಾಳಿ ಸ್ವಲ್ಪ ಸುಳಿಯುತ್ತದೆ. ತೊಂದರೆ ಭಾರದ್ದು. ಸಾಮಾನ್ಯ ರಾಡ್ ನಡುವೆ ಬಗ್ಗುತ್ತದೆ. ಮಳೆಗಾಲದಲ್ಲಿ ತೇವ ಹಿಡಿದು ವಾಸನೆ ಬರುತ್ತದೆ, ನುಸಿ ಬೀಳುವ ಭಯವೂ ಇದೆ. ಡ್ಯೂಟಿ ಬದಲಾದಾಗ ತಾತ್ಕಾಲಿಕವಾಗಿ ಕಟ್ಟಲು ಕಂಬಳಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ವರ್ಷವಿಡೀ ಬೇಡ.

ಮೇಲಕ್ಕೆ ಸುರುಳಿ ಸುತ್ತುವ ರೋಲರ್ ಬ್ಲೈಂಡ್ ನೋಡಲು ಚಂದ, ಧೂಳು ಕಮ್ಮಿ. ಎರಡೂ ಪಕ್ಕ ಬೆರಳಗಲ ಸಂದು ಬಿಡುತ್ತದೆ, ಫ್ಯಾನ್ ಗಾಳಿಗೆ ಪಟಪಟ ಹೊಡೆಯುತ್ತದೆ. ನಿದ್ದೆಗೆ ಅದು ಆಗಲಿಲ್ಲ.

ಗಾಜಿಗೆ ಅಂಟಿಸುವ ಕಪ್ಪು ಫಿಲ್ಮ್ ನನಗೆ ಇಷ್ಟ ಆಗಲೇ ಇಲ್ಲ. ಪರದೆಯನ್ನು ಬೆಳಿಗ್ಗೆ ಸರಿಸಬಹುದು, ಫಿಲ್ಮನ್ನು ಸರಿಸಲು ಆಗುತ್ತಾ? ಎದ್ದ ಕೂಡಲೇ ಬೀಳುವ ಬೆಳಕು ಆವತ್ತಿನ ರಾತ್ರಿಯ ನಿದ್ದೆಗೂ ಬೇಕು. ಅದರಿಂದಲೇ ಮೈಯ ಗಡಿಯಾರ ಸರಿಹೋಗುವುದು. ಇನ್ನೊಂದು, ಕಿಟಕಿ ತೆಗೆದರೆ ಫಿಲ್ಮ್ ಇದ್ದೂ ಇಲ್ಲದ ಹಾಗೆ. ಕಿಟಕಿ ತೆಗೆಯದೆ ಮಲಗುವುದು ನಮ್ಮ ಊರಿನ ಬೇಸಿಗೆಯಲ್ಲಿ ಎಸಿ ಇದ್ದವರಿಗೆ ಮಾತ್ರ.

ಈಗ ಕಾವು. ಇಲ್ಲಿಯೇ ಬ್ಲಾಕ್‌ಔಟ್ ಸೋಲುವುದು. ಬಿಸಿಲು ಗಾಜನ್ನು ಸಲೀಸಾಗಿ ದಾಟಿ ಬಂದು ಪರದೆಗೆ ಬಡಿಯುತ್ತದೆ. ಬಟ್ಟೆ ಕಾಯುತ್ತದೆ. ಕಾದ ಬಟ್ಟೆಯ ಶಾಖ ಗಾಜಿನಿಂದ ಹಾಗೇ ಹೊರಗೆ ದಾಟುವುದಿಲ್ಲ, ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ. ಏಪ್ರಿಲ್‌ನ ಇಳಿಹೊತ್ತಿನಲ್ಲಿ ಪಶ್ಚಿಮದ ಕಿಟಕಿಯ ಗಾಢ ಪರದೆ ಮುಟ್ಟಿ ನೋಡಿ, ಇಸ್ತ್ರಿ ಮಾಡಿಟ್ಟ ಬಟ್ಟೆಯಷ್ಟು ಬಿಸಿ ಇರುತ್ತದೆ. ಮೇಲಿನ ಸಜ್ಜಾ ಇದಕ್ಕೆ ಸಹಾಯ ಮಾಡುವುದಿಲ್ಲ. ಇಳಿಹೊತ್ತಿನ ಸೂರ್ಯ ಸಜ್ಜಾದ ಕೆಳಗಿನಿಂದಲೇ ನೇರ ಒಳಗೆ ಬರುತ್ತಾನೆ.

ಬಿದಿರಿನ ತಟ್ಟಿ ಗೆಲ್ಲುವುದು ಇದೇ ಕಾರಣಕ್ಕೆ. ಅದನ್ನು ಕಟ್ಟುವುದು ಗಾಜಿನ ಹೊರಗೆ. ಬಿಸಿಲು ಗಾಜು ಮುಟ್ಟುವ ಮೊದಲೇ ತಟ್ಟಿ ತಡೆಯುತ್ತದೆ, ಕಾದ ತಟ್ಟಿಯ ಬಿಸಿಯನ್ನು ಹೊರಗಿನ ಗಾಳಿಯೇ ಒಯ್ಯುತ್ತದೆ. ಕಡ್ಡಿಗಳ ನಡುವೆ ಗಾಳಿ ಆಡುತ್ತದೆ, ಹಾಗಾಗಿ ಕಿಟಕಿ ತೆಗೆದೇ ಇಡಬಹುದು. ಬುಟ್ಟಿ, ಮೊರ ಹೆಣೆಯುವ ಮೇದಾರರ ಹತ್ತಿರ ಅಳತೆ ಕೊಟ್ಟು ಮಾಡಿಸಿದ್ದು ಅಂಗಡಿಯ ಪ್ಲಾಸ್ಟಿಕ್ ಕಡ್ಡಿಯದ್ದಕ್ಕಿಂತ ಬಹಳ ಗಟ್ಟಿ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಮುರಿಯುತ್ತದೆ. ತಟ್ಟಿ ಕಿಟಕಿಗಿಂತ ಎಲ್ಲಾ ಕಡೆ ಸ್ವಲ್ಪ ದೊಡ್ಡದಿರಲಿ, ಗಾಜಿನಿಂದ ಒಂದು ಗೇಣು ದೂರ ತೂಗಲಿ.

ಅದರ ಕೊರತೆ ಕತ್ತಲು. ಕಡ್ಡಿ ಸಂದಿನ ಬೆಳಕು ಗೆರೆಗೆರೆಯಾಗಿ ಬಿದ್ದೇ ಬೀಳುತ್ತದೆ, ಹಗಲು ಮಲಗುವವರಿಗೆ ಅದೊಂದೇ ಸಾಲದು. ಇನ್ನೊಂದು ಆಷಾಢದ ಗಾಳಿ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ನಮ್ಮ ತಟ್ಟಿಯನ್ನೂ ರಾತ್ರಿಯಿಡೀ ಗ್ರಿಲ್ಲಿಗೆ ಬಡಿಯುತ್ತದೆ. ಕೆಳಗಿನ ಎರಡೂ ಮೂಲೆ ಹಗ್ಗದಿಂದ ಬಿಗಿಯಬೇಕು, ಇಲ್ಲವೇ ಜೂನ್ ಬಂದ ಮೇಲೆ ಸುತ್ತಿ ಮೇಲಕ್ಕೆ ಕಟ್ಟಬೇಕು.

ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಬರುವ ತಂಪು, ಪರಿಮಳ ಎರಡೂ ಬೇರೆಯೇ. ಮಾರ್ಚ್, ಏಪ್ರಿಲ್‌ನ ಒಣ ಗಾಳಿಗೆ ನೀರು ಬೇಗ ಆರುತ್ತದೆ, ಅದರ ಜೊತೆ ಶಾಖವೂ ಹೋಗುತ್ತದೆ. ಅವ್ವನಿಗೆ ಎಲ್ಲಕ್ಕಿಂತ ಇಷ್ಟ ಆದದ್ದು ಇದೇ. ಆದರೆ ಹೊತ್ತು ಹೊತ್ತಿಗೆ ಯಾರಾದರೂ ನೀರು ಹಾಕಬೇಕು, ಮಲಗಿದವರೇ ಎದ್ದು ಹಾಕುವುದಾದರೆ ನಿದ್ದೆ ಎಲ್ಲಿಯದು? ಮಳೆಗಾಲದ ತೇವದಲ್ಲಿ ಬೂಷ್ಟು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಎಲ್ಲ ನೋಡಿದ ಮೇಲೆ ತಂಗಿಯ ಕಿಟಕಿಯಲ್ಲಿ ಈಗ ಹೊರಗೆ ಬಿದಿರಿನ ತಟ್ಟಿ, ನಡುವೆ ಸೊಳ್ಳೆ ಮೆಶ್, ಒಳಗೆ ನೇಯ್ದ ಬ್ಲಾಕ್‌ಔಟ್ ಇದೆ. ಹಗಲು ಮೂರೂ ಇರುತ್ತವೆ. ಸಂಜೆ ಬಿಸಿಲು ಹೋದ ಕೂಡಲೇ ತಟ್ಟಿ ಸುತ್ತಿ, ಪರದೆ ಸರಿಸಿ, ಕಿಟಕಿ ತೆಗೆಯುತ್ತೇವೆ. ಇದು ಬಹಳ ಮುಖ್ಯ. ಏಪ್ರಿಲ್‌ನಲ್ಲಿ ಹಗಲು 37, 38 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವಕ್ಕೆ ಹೊರಗಿನ ಗಾಳಿ 23ರ ಆಸುಪಾಸಿಗೆ ಇಳಿಯುತ್ತದೆ. ನಿದ್ದೆ ಹತ್ತಲು ಮೈಯ ಒಳಗಿನ ಕಾವೂ ತುಸು ಇಳಿಯಬೇಕು. ಹೊರಗಿನ ತಂಪನ್ನು ಪರದೆ ಹಿಂದೆ ನಿಲ್ಲಿಸಿ, ಒಳಗಿನ ಬಿಸಿ ಗಾಳಿಯನ್ನೇ ಫ್ಯಾನ್‌ನಲ್ಲಿ ತಿರುಗಿಸಿದರೆ ಏನು ಬಂತು?

ಅವ್ವ, ಅಪ್ಪಾಜಿಯ ಕೋಣೆಗೆ ಬ್ಲಾಕ್‌ಔಟ್ ಬೇಡವೇ ಬೇಡ ಅನ್ನುತ್ತೇನೆ. ಅವರು ಬೆಳಿಗ್ಗೆ ಬೇಗ ಏಳುವವರು, ಪೂರ್ವದ ಬೆಳಕು ಬರಲಿ. ಬೀದಿ ದೀಪ ಬೀಳುತ್ತಿದ್ದದ್ದು ಕಿಟಕಿಯ ಮೇಲಿನ ಅರ್ಧದಿಂದ. ಅಷ್ಟಕ್ಕೆ ಮಾತ್ರ ದಪ್ಪ ಬಟ್ಟೆ, ಕೆಳಗೆ ತೆಳು ಹತ್ತಿಯ ಪರದೆ ಸಾಕಾಯಿತು. ಮಂಚವನ್ನು ತಿರುಗಿಸಿ, ತಲೆ ಕಿಟಕಿ ಇರುವ ಗೋಡೆಗೇ ಬರುವಂತೆ ಮಾಡಿದೆವು. ಬೆಳಕು ಈಗ ಕಾಲ ಕಡೆ ಬೀಳುತ್ತದೆ. ಖರ್ಚಿಲ್ಲದ ಈ ಕೆಲಸದಿಂದ ಆದ ಉಪಯೋಗ ಹಲವು ಪರದೆಗಳಿಂದ ಆಗಿರಲಿಲ್ಲ.

ಶಬ್ದಕ್ಕೆ ಯಾವ ಪರದೆಯೂ ಹೆಚ್ಚು ಮಾಡುವುದಿಲ್ಲ. ರೈಲಿನ ಹಾರ್ನ್ ಕೇಳಿಯೇ ಕೇಳುತ್ತದೆ.

ಮೇಲಿನ ಅಂತಸ್ತಿನವರು ಕಿಟಕಿಗಿಂತ ಮೊದಲು ಮಾಳಿಗೆ ನೋಡಿ. ನಮ್ಮ ಊರಿಗೆ ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಕಾಂಕ್ರೀಟ್ ಹಗಲೆಲ್ಲ ಕಾವು ಹೀರಿ, ನಾವು ಮಲಗುವ ಹೊತ್ತಿಗೆ ಕೆಳಗೆ ಬಿಡಲು ಶುರು ಮಾಡುತ್ತದೆ. ಬೇಸಿಗೆಗೆ ಮುಂಚೆ ಬಿಳಿ ಸುಣ್ಣಕ್ಕೆ ಗೋಂದು ಸೇರಿಸಿ ಬಳಿದರೆ ವ್ಯತ್ಯಾಸ ಆ ರಾತ್ರಿಯೇ ತಿಳಿಯುತ್ತದೆ. ಫೋಮ್ ಹಾಸಿಗೆ ಬೆನ್ನಿನ ಕಾವನ್ನು ಹಿಡಿದಿಡುತ್ತದೆ, ಮೇಲೆ ದಪ್ಪ ಹತ್ತಿಯ ಜಮಖಾನ ಹಾಸಿ.

ಬಾಡಿಗೆ ಮನೆಯವರಿಗೆ ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಬಿಡದಿದ್ದರೂ ದಾರಿ ಇದೆ. ಕಿಟಕಿಯ ಎರಡು ಗೋಡೆಗಳ ನಡುವೆ ಬಿಗಿಯಾಗಿ ನಿಲ್ಲುವ ಸ್ಪ್ರಿಂಗ್ ರಾಡ್ ಸಿಗುತ್ತದೆ, ಹಗುರ ಪರದೆಗೆ ಸಾಕು. ಬಿದಿರಿನ ತಟ್ಟಿಯನ್ನು ಗ್ರಿಲ್ಲಿಗೇ ಹಗ್ಗದಿಂದ ಹೊರಗಡೆ ಕಟ್ಟಬಹುದು. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ, ಪಶ್ಚಿಮದ ಕೋಣೆಗೆ ತಟ್ಟಿಯನ್ನೇ ಮೊದಲು ತನ್ನಿ. ಕತ್ತಲಿಗೆ ಒಂದು ಕಂಬಳಿ ಹೇಗೂ ಮನೆಯಲ್ಲಿ ಇರುತ್ತದಲ್ವಾ?