ಆರ್‌ಡಿ 350ಕ್ಕೆ ಫೈಬರ್ ಸೈಡ್ ಪ್ಯಾನೆಲ್: ಕೆಲವು ಮಳೆಗಾಲ ಕಳೆದ ಮೇಲೆ

ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ತಂದ ರಾಜದೂತ್ 350 ಬೈಕನ್ನು, ಅಂದರೆ ನಮ್ಮ ಆರ್‌ಡಿಯನ್ನು, ಈಗಲೂ ಓಡಿಸುವವರಿಗೆ ಒಂದು ಕಷ್ಟ ಗೊತ್ತೇ ಇರುತ್ತದೆ. ಪಿಸ್ಟನ್, ರಿಂಗ್ ಹೇಗೋ ಹುಡುಕಬಹುದು, ಸೀಟಿನ ಕೆಳಗೆ ಎರಡೂ ಬದಿ ಮುಚ್ಚುವ ಒರಿಜಿನಲ್ ಸೈಡ್ ಪ್ಯಾನೆಲ್ ಸಿಗುವುದು ಕಷ್ಟ. ಸಿಕ್ಕರೂ ಹಳೇ ಪ್ಲಾಸ್ಟಿಕ್ ಒಣಗಿ, ಮುಟ್ಟಿದರೆ ಮುರಿಯುವ ಹಾಗಿರುತ್ತದೆ. ಚೆನ್ನಾಗಿರುವ ಜೋಡಿಯ ಬೆಲೆ ಕೇಳಿದರೆ ಸುಮ್ನೆ ವಾಪಸ್ ಇಟ್ಟು ಬರಬೇಕು. ಹಾಗಾಗಿ ನಾನು ಫೈಬರ್ ಜೋಡಿ ಹಾಕಿದೆ.

ಮಾರುವವರು 'ಬೋಲ್ಟ್ ಹಾಕಿ ಹೋಗ್ತಾ ಇರಿ' ಅನ್ನುತ್ತಾರೆ. ನಂಬಬೇಡಿ. ಅಚ್ಚಿನಲ್ಲಿ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಳೆ) ಹಾಸಿ, ಕೈಯಲ್ಲೇ ರೆಸಿನ್ ಎಂಬ ಅಂಟುದ್ರವ ಬಳಿದು ಮಾಡುವ ಮಾಲು ಇದು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ನನಗೆ ಬಂದ ಎಡಗಡೆ ಪ್ಯಾನೆಲ್ ಫ್ರೇಮಿಗೆ ತಾಗುತ್ತಿತ್ತು, ಬಲಗಡೆಯದರಲ್ಲಿ ಟ್ಯಾಂಕ್ ಪಕ್ಕ ಬೆರಳು ತೂರುವಷ್ಟು ಸಂದು. ಅಂಚು ಉಜ್ಜಿ, ತೂತು ಸ್ವಲ್ಪ ಅಗಲ ಮಾಡಿ ಕೂರಿಸಬೇಕಾಯಿತು. ತೂತು ಕೊರೆಯುವ ಜಾಗಕ್ಕೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿ, ಹೊರಮೈಯಿಂದ ಡ್ರಿಲ್ ಮಾಡಿ. ಒಳಗಿಂದ ಕೊರೆದರೆ ಮೇಲಿನ ಪದರ ಚಕ್ಕೆ ಏಳುತ್ತದೆ. ಮಾಸ್ಕ್, ತುಂಬುತೋಳಿನ ಅಂಗಿ ಬೇಕೇ ಬೇಕು. ಆ ಗಾಜಿನ ಪುಡಿ ಮೈಗೆ ಹತ್ತಿದರೆ ಸ್ನಾನ ಮಾಡಿದರೂ ತುರಿಕೆ ಬಿಡಲ್ಲ!

ಪೂರ್ತಿ ಕೂತ ಮೇಲೇ ಪೇಂಟ್ ಮಾಡಿಸಿ, ಮುಂಚೆ ಬೇಡ. ಅಚ್ಚಿನಿಂದ ಬಿಡಿಸಲು ಹಚ್ಚಿದ ಮೇಣ ಮೈಮೇಲೆ ಉಳಿದಿರುತ್ತದೆ. ಅದನ್ನು ತಿನ್ನರ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಎಮರಿ ಪೇಪರ್ ಹಿಡಿಯಬೇಕು. ಒರೆಸದೆ ಉಜ್ಜಿದರೆ ಮೇಣ ಇನ್ನೂ ಒಳಗೆ ಸೇರಿ, ಬಣ್ಣ ಪದರ ಪದರವಾಗಿ ಏಳುತ್ತದೆ. ಪ್ರೈಮರ್ ಹೊಡೆದಾಗ ಸೂಜಿಮೊನೆಯಷ್ಟು ತೂತುಗಳು ಎದ್ದು ಕಾಣುತ್ತವೆ, ಅವಕ್ಕೆ ಪುಟ್ಟಿ ತುಂಬಿಸಿ. ಟ್ಯಾಂಕ್ ಮತ್ತು ಪ್ಯಾನೆಲ್ ಎರಡಕ್ಕೂ ಒಂದೇ ಬಣ್ಣದ ಪ್ರೈಮರ್ ಇರಲಿ, ಇಲ್ಲದಿದ್ದರೆ ಬಿಸಿಲಿನಲ್ಲಿ ಬಣ್ಣ ಬೇರೆ ಬೇರೆ ಕಾಣುತ್ತದೆ. ಇದಕ್ಕೆಲ್ಲ ಆದ ಖರ್ಚು ಪ್ಯಾನೆಲ್ ಬೆಲೆಗಿಂತ ಜಾಸ್ತಿ.

ಇಷ್ಟು ಕಾಲ ಬಳಸಿದ ಮೇಲೆ? ಬಣ್ಣ ಗಟ್ಟಿಯಾಗಿದೆ, ಮಳೆಗೆ ಏನೂ ಆಗಿಲ್ಲ. ತೊಂದರೆ ಕೊಟ್ಟಿದ್ದು ನಡುಕ. ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಅಲ್ವಾ, ಬೋಲ್ಟ್ ತೂತಿನ ಸುತ್ತ ಜೇಡರ ಬಲೆಯಂಥ ಸಣ್ಣ ಬಿರುಕು ಬಂತು. ಈಗ ಎರಡೂ ಕಡೆ ರಬ್ಬರ್, ಅದರ ಮೇಲೆ ಅಗಲವಾದ ವಾಷರ್, ಬೋಲ್ಟು ಕೈಬಿಗಿ. ಆಮೇಲೆ ಬಿರುಕು ಬೆಳೆದಿಲ್ಲ. ಫೈಬರಿನ ದೊಡ್ಡ ಗುಣ ಎಂದರೆ ರಿಪೇರಿ. ಬಿರುಕಿನ ಹಿಂದೆ ಚೆನ್ನಾಗಿ ಉಜ್ಜಿ, ಮ್ಯಾಟ್ ತುಂಡಿಟ್ಟು, ಹಾರ್ಡನರ್ ಬೆರೆಸಿದ ರೆಸಿನ್ ಬಳಿದರೆ ಮುಗಿಯಿತು, ಮನೆಯಲ್ಲೇ ಆಗುತ್ತದೆ. ಒಣಗಿದ ಹಳೇ ಪ್ಲಾಸ್ಟಿಕ್‌ಗೆ ಏನು ಅಂಟಿಸಿದರೂ ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ.

ಸೈಡ್ ಪ್ಯಾನೆಲ್‌ಗೆ ಮತ್ತೆ ಫೈಬರನ್ನೇ ತಗೋತೀನಿ. ಮುಂದಿನ ಮಡ್‌ಗಾರ್ಡ್‌ಗೆ ಮಾತ್ರ ಇಲ್ಲ. ಇಂಥ ಹಳೇ ಗಾಡಿಗಳಲ್ಲಿ ಕಬ್ಬಿಣದ ಮಡ್‌ಗಾರ್ಡ್ ಮುಂದಿನ ಚಕ್ರದ ಎರಡೂ ಬದಿಯ ಫೋರ್ಕನ್ನು ಹಿಡಿದು ಬಿಗಿ ಕೊಡುತ್ತದೆ. ಫೈಬರ್ ಟ್ಯಾಂಕ್ ಯಾರಾದರೂ ತೋರಿಸಿದರೆ ಮುಟ್ಟಲೇಬೇಡಿ. ಈಗಿನ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಅದರಲ್ಲಿ ಮೆತ್ತಗಾಗಿ, ಕರಗಿದ್ದೆಲ್ಲ ಕಾರ್ಬುರೇಟರಿಗೆ ಇಳಿಯುತ್ತದೆ.